ಅಂಚಿನಾಚೆ ಉಳಿದ ಮಾತು

ದಾವಣಗೆರೆಯ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಮರುಳಸಿದ್ದಪ್ಪ ಎಂಬ ಮೇಷ್ಟ್ರು ವೆಬ್‌ಸೈಟ್ ಮಾಡುವ ವಿದ್ಯೆ ಕಲಿಸುತ್ತಿದ್ದರು. ಕಲಿಸುತ್ತ ಕಲಿಸುತ್ತಲೇ ಊರವರಿಗೆ ಬೇಕಾದ ವೆಬ್‌ಸೈಟ್‌ಗಳನ್ನು ಶಿಷ್ಯರ ಕೈಲಿ ಮಾಡಿಸಿಯೂ ಕೊಡುತ್ತಿದ್ದರು. ಬೈಯುವುದು ಅವರಿಗೆ ಬರುತ್ತಿರಲಿಲ್ಲ. ಕೆಳಗಿನಿಂದ ಬಿಸಿ ಬನ್ನಿನ ವಾಸನೆ ಬಂದರೆ ಪಾಠ ನಿಲ್ಲಿಸಿ ಮೊದಲು ಎದ್ದು ನಿಲ್ಲುವವರೂ ಅವರೇ.

ಅವರ ಶಿಷ್ಯರಲ್ಲಿ ಸಿಂಚನಾ ಎಂಬವಳು ಬಲು ಚುರುಕು. ಬಣ್ಣ ಕೂಡಿಸುವುದರಲ್ಲಿ ಅವಳ ಕಣ್ಣು ಎಷ್ಟು ಸೂಕ್ಷ್ಮವೆಂದರೆ, ಎರಡು ನೀಲಿಗಳಲ್ಲಿ ಯಾವುದು ಸರಿ ಎಂದು ಮಧ್ಯಾಹ್ನವೆಲ್ಲ ಕೂತು ಯೋಚಿಸುತ್ತಿದ್ದಳು. ಮೇಷ್ಟ್ರಿಗೆ ಅವಳನ್ನು ಕಂಡರೆ ಸ್ವಂತ ಮಗಳನ್ನು ಕಂಡಷ್ಟು ಅಕ್ಕರೆ. ಅವಳಿಗೂ ಅಷ್ಟೇ. ಮೇಷ್ಟ್ರು ‘ಚೆನ್ನಾಗಿದೆ’ ಎಂದ ದಿನ ಊಟ ಎರಡು ತುತ್ತು ಹೆಚ್ಚೇ ಸೇರುತ್ತಿತ್ತು.

ಅದೇ ಊರಿನಲ್ಲಿ ‘ಕಿವಿಮಾತು’ ಎಂಬ ಶ್ರವಣ ಕೇಂದ್ರವೊಂದು ಶುರುವಾಯಿತು. ಎಳೆಯ ಮಕ್ಕಳಿಗೆ ಕಿವಿ ಕೇಳಿಸುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡಿ, ಕೇಳಿಸದ ಮಕ್ಕಳಿಗೆ ಯಂತ್ರ ಜೋಡಿಸಿ, ಮಾತು ಕಲಿಸುವ ಜಾಗ ಅದು. ಇಂಥ ಪರೀಕ್ಷೆ ತಡವಾದಷ್ಟೂ ಮಗುವಿಗೆ ಮಾತು ದೂರವಾಗುತ್ತದೆ. ಹಾಗಾಗಿ ಸುತ್ತಲ ಹಳ್ಳಿಗಳ ತಾಯಂದಿರಿಗೆ ಯಾವಾಗ ಬರಬೇಕು, ಹೇಗೆ ಹೆಸರು ಬರೆಸಬೇಕು ಎಂದು ಗೊತ್ತಾಗಲಿ ಎಂದು ಕೇಂದ್ರದವರು ವೆಬ್‌ಸೈಟ್ ಬೇಕೆಂದರು. ಮೇಷ್ಟ್ರು ಆ ಕೆಲಸವನ್ನು ಸಿಂಚನಾಳ ಕೈಗೆ ಕೊಟ್ಟರು.

ಸಿಂಚನಾ ಜೀವ ತೇಯ್ದು ಕೆಲಸ ಮಾಡಿದಳು. ಪುಟದ ತುಂಬ ನಗುವ ಮಗುವಿನ ಚಿತ್ರ. ಅದರ ನೆತ್ತಿಯ ಮೇಲೆ, ಹೂವು ಪೋಣಿಸಿದ ಹಾಗೆ, ಒಂದೇ ಸಾಲಿನಲ್ಲಿ ಮೆನುವಿನ ಮಾತುಗಳು: ನಮ್ಮ ಬಗ್ಗೆ, ವೈದ್ಯರು, ಪರೀಕ್ಷೆಯ ದಿನಗಳು, ಹೆಸರು ಬರೆಸಿ, ಹೀಗೆ ಒಂದರ ಪಕ್ಕ ಒಂದು. ಚಿತ್ರದ ಕೆಳಗೆ ರಿಬ್ಬನ್ನಿನಂಥ ಒಂದು ಕಿತ್ತಳೆ ಪಟ್ಟಿ. ಸೋಮವಾರ ವೈದ್ಯೆ ಹಳ್ಳಿಯ ಅಂಗನವಾಡಿಗಳಿಗೆ ಹೋಗುತ್ತಿದ್ದರಿಂದ ಆ ಪಟ್ಟಿಯಲ್ಲಿ ‘ಸೋಮವಾರ ಮಕ್ಕಳ ಕಿವಿ ಪರೀಕ್ಷೆ ಇರುವುದಿಲ್ಲ’ ಎಂದು ದಪ್ಪ ಅಕ್ಷರದಲ್ಲಿ ಬರೆದಳು. ಆ ಮಾತು ಮುರಿದು ಎರಡನೇ ಸಾಲಿಗೆ ಇಳಿದರೆ ರಿಬ್ಬನ್ನಿನ ಅಂದ ಕೆಡುತ್ತದೆ ಎಂದು, ಏನೇ ಆದರೂ ಒಂದೇ ಸಾಲಿನಲ್ಲಿ ನಿಲ್ಲುವಂತೆ ಕಟ್ಟಿಹಾಕಿದಳು.

ಉದ್ಘಾಟನೆಯ ದಿನ ಅದನ್ನು ಗೋಡೆಯಗಲದ ಪರದೆಯ ಮೇಲೆ ತೋರಿಸಿದರು. ಬಂದವರೆಲ್ಲ ಚಪ್ಪಾಳೆ ತಟ್ಟಿದರು. ಮೇಷ್ಟ್ರೂ ಚೆನ್ನಾಗಿದೆ ಎಂದರು. ಸಿಂಚನಾಳಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಆದರೆ ದಿನ ಕಳೆದಂತೆ ಕೇಂದ್ರದಿಂದ ದೂರು ಬರತೊಡಗಿತು. ಫೋನಿನಲ್ಲಿ ನೋಡಿದವರಿಗೆ ಮೆನು ಒಂದರ ಮೇಲೊಂದು ಹತ್ತಿ ಕೂರುತ್ತಿದೆಯಂತೆ, ಮಗುವಿನ ಮುಖವೇ ಮುಚ್ಚಿಹೋಗುತ್ತಿದೆಯಂತೆ. ಸಿಂಚನಾ ಕೂಡಲೇ ಮೆನುವನ್ನೆಲ್ಲ ಮಡಚಿ, ಮೂರು ಅಡ್ಡ ಗೆರೆಯ ಒಂದು ಗುಂಡಿಯೊಳಗೆ ತುಂಬಿದಳು. ಆಗ ಗುಂಡಿ ಒತ್ತಿದರೆ ತೆರೆದ ಮೆನು ಮುಚ್ಚುತ್ತಿಲ್ಲ ಎಂಬ ದೂರು ಬಂತು. ಅದನ್ನು ಮುಚ್ಚುವಂತೆ ಮಾಡಿದಳು. ಆಗ ‘ಹೆಸರು ಬರೆಸಿ’ ಎಂಬ ಬಟನ್ ಪರದೆಯ ಆಚೆ ಸರಿದುಹೋಯಿತು. ಅದನ್ನು ಎಳೆದು ತಂದರೆ ಪುಟವೆಲ್ಲ ಅಡ್ಡಡ್ಡ ಜಾರತೊಡಗಿತು. ಜಾರದಿರಲಿ ಎಂದು ಅಂಚಿನಾಚೆ ಹೋಗುವುದನ್ನೆಲ್ಲ ಕಾಣದಂತೆ ಕತ್ತರಿಸಿಬಿಟ್ಟಳು. ತೇಪೆಯ ಮೇಲೆ ತೇಪೆ ಬಿತ್ತು. ಪ್ರತಿ ಸಲವೂ ತನ್ನ ದೊಡ್ಡ ಪರದೆಯಲ್ಲಿ ನೋಡಿಕೊಂಡಳು, ತನ್ನ ಹೊಸ ಫೋನಿನಲ್ಲಿ ನೋಡಿಕೊಂಡಳು. ಎರಡರಲ್ಲೂ ಚೆನ್ನಾಗಿಯೇ ಇತ್ತು.

ಮತ್ತೊಂದು ದೂರು ಬಂದಾಗ ಅವಳಿಗೆ ರೇಗಿತು. ಕೆಲಸದಲ್ಲಿ ತಪ್ಪಿಲ್ಲ, ಜನ ಹಳೆಯ ಫೋನ್ ಇಟ್ಟುಕೊಂಡು ನಮ್ಮನ್ನು ದೂರುತ್ತಾರೆ ಎಂದು ಮೇಷ್ಟ್ರ ಮುಂದೆ ಗೊಣಗಿದಳು. ಮೇಷ್ಟ್ರು ವಾದಕ್ಕೆ ಇಳಿಯಲಿಲ್ಲ. ಕೈಗೆ ಒಂದು ಬನ್ ಕೊಟ್ಟು, ಅವಳು ತಿಂದು ಮುಗಿಸುವ ತನಕ ಕಾದರು.

“ಇಲ್ಲಿಂದ ಮಾಡಿದ್ದು ಸಾಕು ಕಣಮ್ಮ,” ಎಂದರು ಆಮೇಲೆ. “ನಾಳೆ ಲ್ಯಾಪ್‌ಟಾಪ್ ತಗೊಂಡು ಕೇಂದ್ರಕ್ಕೆ ಹೋಗಿ, ಬರೋರು ಕೂರೋ ಬೆಂಚಲ್ಲೇ ಕೂತು ಕೆಲಸ ಮಾಡು.”

ಮರುದಿನ ಸೋಮವಾರ. ಸಿಂಚನಾ ಮನಸ್ಸಿಲ್ಲದ ಮನಸ್ಸಿನಿಂದ ಹೋಗಿ ಬೆಂಚಿನ ತುದಿಯಲ್ಲಿ ಕೂತಳು. ಪರೀಕ್ಷೆ ಇಲ್ಲದ ದಿನವಾದ್ದರಿಂದ ಹಜಾರ ಖಾಲಿಯಿತ್ತು. ಸ್ವಲ್ಪ ಹೊತ್ತಿಗೆ ಒಬ್ಬ ಹೆಣ್ಣುಮಗಳು ಕೂಸನ್ನು ಸೊಂಟದಲ್ಲಿ ಎತ್ತಿಕೊಂಡು, ಹೆಗಲಿಗೆ ಬಟ್ಟೆಯ ಚೀಲ ಹಾಕಿಕೊಂಡು ಒಳಗೆ ಬಂದಳು. ಹೆಸರು ಓಬಮ್ಮ. ಜಗಳೂರಿನಾಚೆಯ ಹಳ್ಳಿಯವಳು. ಬೆಳಕು ಹರಿಯುವ ಮೊದಲೇ ಹೊರಟು ಎರಡು ಬಸ್ ಬದಲಿಸಿ ಬಂದಿದ್ದಳು. ಕೂಸಿನ ಹೆಸರು ಧನ್ವಿ. ಆಗಷ್ಟೇ ಹೊಸ್ತಿಲು ದಾಟಿದ ಮಗು. ಮನೆಯಲ್ಲಿ ಹಿತ್ತಾಳೆ ಕೊಡ ಉರುಳಿಬಿದ್ದು ಸದ್ದಾದರೂ ಕತ್ತು ತಿರುಗಿಸಲಿಲ್ಲವಂತೆ. ಅಂದಿನಿಂದ ತಾಯಿಯ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ.

ಮೇಜಿನ ಹಿಂದಿದ್ದ ಲಲಿತಮ್ಮನವರು ಇವತ್ತು ಪರೀಕ್ಷೆ ಇಲ್ಲ, ವೈದ್ಯೆ ಬರುವುದು ನಾಳೆ ಎಂದು ಮೆಲ್ಲಗೆ ತಿಳಿಸಿದರು. ಓಬಮ್ಮ ನಿಂತಲ್ಲೇ ನಿಂತಳು. ಚೀಲದಿಂದ ಫೋನ್ ತೆಗೆದು, ಪುಟ ತೆರೆದು, ಅನುಮಾನದಿಂದ ಒಮ್ಮೆ ಓದಿಕೊಂಡಳು. ಆಮೇಲೆ ಬೆಂಚಿನಲ್ಲಿದ್ದ ಸಿಂಚನಾಳ ಕಡೆಗೆ ಅದನ್ನು ಚಾಚಿದಳು.

“ಸೋಮಾರ ಅಂತ ಬರ್ದೈತೆ ನೋಡ್ರಿ ಅಕ್ಕಾ. ನಾನು ಏಳ್ನೇ ಕ್ಲಾಸಿಗೇ ಬಿಟ್ಟೋಳು. ನಂಗೇ ಸರ್ಯಾಗಿ ಓದಾಕ್ ಬರ್ಲಿಲ್ಲೇನೋ.”

ಅದು ಅವಳ ಅತ್ತೆಯ ಫೋನು. ಅತ್ತೆಗೆ ಕಣ್ಣು ಮಂಜಾದ್ದರಿಂದ ಅಕ್ಷರಗಳನ್ನು ದೊಡ್ಡದು ಮಾಡಿ ಇಟ್ಟಿದ್ದರು. ಪುಟ್ಟ ಪರದೆ, ದೊಡ್ಡ ಅಕ್ಷರ. ಸಿಂಚನಾ ನೋಡಿದಳು. ಅವಳದೇ ಕಿತ್ತಳೆ ರಿಬ್ಬನ್ನು. ಅದರಲ್ಲಿ ‘ಸೋಮವಾರ ಮಕ್ಕಳ ಕಿವಿ ಪರೀಕ್ಷೆ’ ಎಂದಿತ್ತು. ಅಷ್ಟೇ ಇತ್ತು. ‘ಇರುವುದಿಲ್ಲ’ ಎಂಬುದು ಪರದೆಯ ಅಂಚಿನಾಚೆ ಉಳಿದಿತ್ತು. ಅಲ್ಲಿಗೆ ಹೋದದ್ದನ್ನೆಲ್ಲ ಕತ್ತರಿಸಿ ಎಸೆದವಳು ತಾನೇ.

ಸಿಂಚನಾ ಬೆರಳಿನಿಂದ ಪಟ್ಟಿಯನ್ನು ಪಕ್ಕಕ್ಕೆ ಎಳೆದು ನೋಡಿದಳು, ಅದು ಸರಿಯಲಿಲ್ಲ. ಸುಮ್ಮನಿದ್ದುಬಿಡಬಹುದಿತ್ತು. ಈ ಹೆಣ್ಣುಮಗಳಿಗೆ ವೆಬ್‌ಸೈಟ್ ಮಾಡಿದವರು ಯಾರೆಂದು ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ತಪ್ಪೆಲ್ಲ ತನ್ನದೇ ಎಂದು ಅವಳೇ ಹೊತ್ತುಕೊಂಡು ನಿಂತಿದ್ದಾಳೆ. ಆದರೆ ಆ ನಿಲುವನ್ನು ನೋಡಿಯೇ ಸಿಂಚನಾಳಿಗೆ ತಡೆಯಲಾಗಲಿಲ್ಲ.

“ನೀವು ಸರಿಯಾಗೇ ಓದಿದ್ದೀರಿ,” ಎಂದಳು. “ಇದನ್ನ ಮಾಡಿದೋಳು ನಾನೇ. ಕೊನೇ ಮಾತು ನಿಮ್ಮ ಫೋನಲ್ಲಿ ಕಾಣದ ಹಾಗೆ ಮಾಡಿಟ್ಟಿದ್ದೀನಿ.”

ಓಬಮ್ಮನಿಗೆ ಸಿಟ್ಟು ಬರಬೇಕಿತ್ತು. ಅದರ ಬದಲು ಅವಳ ಹೆಗಲು ಸಡಿಲಾಯಿತು. ತನಗೆ ಓದಲು ಬರುತ್ತದೆ ಎಂಬ ಸಮಾಧಾನವೇ ಅವಳಿಗೆ ಆ ಗಳಿಗೆಯಲ್ಲಿ ದೊಡ್ಡದಾಗಿತ್ತು. ಲಲಿತಮ್ಮನವರು ಒಳಗೆ ತಾಯಂದಿರಿಗೆಂದು ಇದ್ದ ಕೋಣೆಯಲ್ಲಿ ತಾಯಿ ಮಗು ಉಳಿಯಲು ಏರ್ಪಾಡು ಮಾಡಿದರು. ಮನೆಗೆ ಫೋನ್ ಮಾಡಿ ತಿಳಿಸಿದ್ದಾಯಿತು. ನಾಳೆ ಬೆಳಿಗ್ಗೆ ಮೊದಲ ಪರೀಕ್ಷೆ ಧನ್ವಿಯದೇ ಎಂದು ಗೊತ್ತುಮಾಡಿದರು.

ಸಿಂಚನಾ ಓಬಮ್ಮನ ಫೋನನ್ನು ಕೇಳಿ ಇಸಿದುಕೊಂಡು ಮತ್ತೆ ಬೆಂಚಿಗೆ ಬಂದು, ಆ ಒಂದು ಫೋನಿಗೆ ಸರಿಹೋಗುವಂತೆ ಅವಸರದಲ್ಲಿ ಇನ್ನೊಂದು ತೇಪೆ ಹಚ್ಚಲು ಹೊರಟಳು. ಅಷ್ಟರಲ್ಲಿ ಮೇಷ್ಟ್ರು ಬಂದರು. ಅವಳ ಮುಖ ನೋಡಿಯೇ ಏನೋ ಆಗಿದೆ ಎಂದು ತಿಳಿದು ಪಕ್ಕದಲ್ಲಿ ಕೂತರು. ನಡೆದದ್ದನ್ನೆಲ್ಲ ಕೇಳಿಸಿಕೊಂಡರು. ಓಬಮ್ಮನ ಫೋನನ್ನು ತಾವೂ ಹಿಡಿದು ನೋಡಿದರು.

“ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ ಸಿಂಚನಾ,” ಎಂದರು ಕೊನೆಗೆ. “ನಾವು ಮೊದಲು ಕಾಲು ಚಾಚಿಬಿಟ್ವಿ. ಈಗ ಹಾಸಿಗೆ ಸಾಲದು ಅಂತ ಕಾಲನ್ನ ಅಲ್ಲಿಷ್ಟು ಇಲ್ಲಿಷ್ಟು ಕತ್ತರಿಸ್ತಾ ಕೂತಿದ್ದೀವಿ. ಈ ಫೋನನ್ನೇ ಹಾಸಿಗೆ ಅಂದ್ಕೋ. ಇದರೊಳಗೆ ಏನು ಹಿಡಿಸುತ್ತೋ ಅಲ್ಲಿಂದ ಶುರು ಮಾಡು. ದೊಡ್ಡ ಪರದೆ ಸಿಕ್ಕಾಗ ಹರಡಿಕೊಳ್ಳೋದು ಕಷ್ಟ ಅಲ್ಲ.”

ಹಾಗೆಂದರೆ ಮಾಡಿದ್ದನ್ನೆಲ್ಲ ಕಿತ್ತುಹಾಕಬೇಕು. ಚಪ್ಪಾಳೆ ಗಿಟ್ಟಿಸಿದ ಆ ಪುಟವನ್ನು ಅಳಿಸಲು ಸಿಂಚನಾಳಿಗೆ ಮನಸ್ಸಾಗಲಿಲ್ಲ. ಆದರೂ ಅಳಿಸಿದಳು. ಓಬಮ್ಮನ ಫೋನನ್ನು ಮುಂದಿಟ್ಟುಕೊಂಡು ಮೊದಲಿನಿಂದ ಕಟ್ಟಿದಳು. ನಗುವ ಮಗು ಕೆಳಗೆ ಹೋಯಿತು. ಎಲ್ಲಕ್ಕಿಂತ ಮೇಲೆ ಪರೀಕ್ಷೆಯ ದಿನಗಳು ಬಂದವು, ಅದರ ಕೆಳಗೆ ಫೋನ್ ನಂಬರ್, ಅದರ ಕೆಳಗೆ ಹೆಸರು ಬರೆಸುವ ಬಟನ್. ಮಾತು ಉದ್ದವಾದರೆ ಎರಡನೇ ಸಾಲಿಗೆ ಇಳಿಯಲಿ, ಮೂರನೆಯದಕ್ಕೂ ಇಳಿಯಲಿ ಎಂದು ಕಟ್ಟು ಬಿಚ್ಚಿದಳು. ಇಳಿದಾಗ ರಿಬ್ಬನ್ನು ಚೌಕಾಕಾರದ ಡಬ್ಬಿಯಂತಾಯಿತು. ಆಗಲಿ ಎಂದು ಬಿಟ್ಟಳು.

ಸಂಜೆಗೆ ಮುಂಚೆ ಓಬಮ್ಮನನ್ನು ಕರೆದು, ಏನೂ ಹೇಳಿಕೊಡದೆ, ಹೆಸರು ಎಲ್ಲಿ ಬರೆಸಬೇಕೆಂದು ಹುಡುಕಿ ನೋಡಿ ಎಂದಳು. ಓಬಮ್ಮನ ಹೆಬ್ಬೆರಳು ನೇರವಾಗಿ ಅಲ್ಲಿಗೇ ಹೋಯಿತು. ಆದರೆ ವೈದ್ಯರು ಯಾರೆಂದು ನೋಡಿ ಎಂದಾಗ ಅವಳು ಮೇಲೆ ಕೆಳಗೆ ಹುಡುಕಿ ಸೋತಳು. ಅದು ಮೂರು ಗೆರೆಯ ಗುಂಡಿಯೊಳಗಿತ್ತು. ಸಿಂಚನಾ ಅದನ್ನು ತೋರಿಸಿದಳು.

ಓಬಮ್ಮ ಅದರ ಮೇಲೆ ಸೆರಗಿನಿಂದ ಒರೆಸಿ ನೋಡಿದಳು. “ಇದಾ? ಗಾಜಿನ ಮ್ಯಾಲೆ ಗೀಟು ಬಿದ್ದೈತೆ ಅನ್ಕಂಡಿದ್ದೆ.”

ಮೇಷ್ಟ್ರು ನಕ್ಕರು. ಸಿಂಚನಾಳಿಗೂ ನಗು ಬಂತು. ಬೆಳಗಿನಿಂದ ಅದೇ ಮೊದಲ ನಗು. ಗೆರೆಗಳ ಪಕ್ಕದಲ್ಲೇ ‘ಇನ್ನಷ್ಟು ವಿವರ’ ಎಂದು ಬರೆದಳು. ಒಳಗಿನ ಮಾತುಗಳನ್ನು ಒಂದರ ಕೆಳಗೊಂದು, ಬೆರಳು ತಪ್ಪಿ ಪಕ್ಕದ್ದಕ್ಕೆ ತಾಗದಷ್ಟು ಬಿಡಿಬಿಡಿಯಾಗಿ ಇಟ್ಟಳು. ಅಷ್ಟರಲ್ಲಿ ಧನ್ವಿ ಫೋನನ್ನು ಕಿತ್ತುಕೊಂಡು ಎರಡೂ ಅಂಗೈಯಿಂದ ಬಡಿಯತೊಡಗಿತು. ಮೆನು ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಎಲ್ಲಿಯೂ ಸಿಕ್ಕಿಹಾಕಿಕೊಳ್ಳಲಿಲ್ಲ. ಇದಕ್ಕಿಂತ ಕಠಿಣವಾದ ಪರೀಕ್ಷೆ ನಾನು ಮಾಡಿಸಲಾರೆ ಎಂದರು ಮೇಷ್ಟ್ರು.

ಹೊರಡುವಾಗ ಸಿಂಚನಾ ಮೇಷ್ಟ್ರನ್ನು ಕೇಳಿದಳು, ಈ ತಪ್ಪು ನಿಮಗೆ ಮೊದಲೇ ಕಂಡಿತ್ತಾ ಎಂದು. ಕಂಡೂ ತನಗೆ ಪಾಠವಾಗಲೆಂದು ಸುಮ್ಮನಿದ್ದರೇನೋ ಎಂಬ ಮುನಿಸು ಅವಳಿಗೆ.

“ಇಲ್ಲಮ್ಮ. ನಾನೂ ಗೋಡೆ ಮೇಲೆ ನೋಡಿ ಚೆನ್ನಾಗಿದೆ ಅಂದೋನೇ,” ಎಂದರು ಮೇಷ್ಟ್ರು. “ಬರೋರ ಪಕ್ಕ ಹೋಗಿ ಕೂತರೆ ಕಾಣುತ್ತೆ ಅನ್ನೋದಷ್ಟೇ ಗೊತ್ತಿತ್ತು. ಮೊದಲೇ ಇಬ್ಬರೂ ಬಂದು ಕೂರಬೇಕಿತ್ತು.”

ಮರುದಿನ ಬೆಳಿಗ್ಗೆ ಧನ್ವಿಯ ಪರೀಕ್ಷೆ ಆಯಿತು. ಒಂದು ಕಿವಿ ಪೂರ್ತಿ ಮಂದ, ಇನ್ನೊಂದರಲ್ಲಿ ಅಲ್ಪಸ್ವಲ್ಪ ಕೇಳಿಸುತ್ತದೆ ಎಂದು ತಿಳಿಯಿತು. ಓಬಮ್ಮನ ಕಣ್ಣು ತುಂಬಿತು. ಆದರೆ ವೈದ್ಯೆ, ಸಕಾಲಕ್ಕೆ ಕರೆತಂದಿರಿ, ಯಂತ್ರ ಹಾಕಿ ಅಭ್ಯಾಸ ಮಾಡಿಸಿದರೆ ಮಗು ಮಾತು ಕಲಿಯುತ್ತದೆ ಎಂದು ಧೈರ್ಯ ಹೇಳಿದರು. ಅಲ್ಲಿಯೇ ಪುಟಾಣಿ ಯಂತ್ರವೊಂದನ್ನು ಕಿವಿಗೆ ಜೋಡಿಸಿ ನೋಡಿದರು. ತಾಯಿ ಹಿಂದೆ ನಿಂತು ಹೆಸರು ಹಿಡಿದು ಕರೆದಳು. ಮಗು ಆಟದ ಗಿಲಕಿಯನ್ನು ಹಾಗೇ ಹಿಡಿದು ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ನಿಧಾನವಾಗಿ ಕತ್ತು ತಿರುಗಿಸಿತು.

ಬಾಗಿಲ ಬಳಿ ನಿಂತಿದ್ದ ಸಿಂಚನಾ ಮೂಗು ಒರೆಸಿಕೊಳ್ಳುತ್ತ ಹೊರಗೆ ಬಂದಳು.

ಊರಿಗೆ ಹೊರಡುವ ಮುನ್ನ ಓಬಮ್ಮ ಹಜಾರದಲ್ಲಿ ಸ್ವಲ್ಪ ಹೊತ್ತು ಕೂತಿದ್ದಳು. ಅಷ್ಟರಲ್ಲಿ ಇನ್ನೊಬ್ಬ ತಾಯಿ ಬಂದು, ತನ್ನ ತಂಗಿಯ ಮಗುವನ್ನೂ ತೋರಿಸಬೇಕು, ಅವಳು ಇರುವುದು ದೂರದಲ್ಲಿ, ಹೇಗೆ ತಿಳಿಸುವುದೋ ಎಂದು ಯಾರನ್ನೋ ಕೇಳುತ್ತಿದ್ದಳು. ಓಬಮ್ಮ ಸರಿದು ಅವಳಿಗೆ ಜಾಗ ಮಾಡಿಕೊಟ್ಟು, ಅತ್ತೆಯ ಫೋನನ್ನು ಇಬ್ಬರ ನಡುವೆ ಹಿಡಿದಳು.

“ಬರ್ರಿ ಅಕ್ಕಾ, ಇಲ್ಲಿ ಕುಂದರ್ರಿ. ನಾನು ತೋರಿಸ್ತೀನಿ, ಬಾಳ ಸಲೀಸೈತೆ.”

ಸಿಂಚನಾ ಅವರ ಹಿಂದೆ ನಿಂತು ನೋಡಿದಳು. ಎರಡು ತಲೆಗಳು ಆ ಪುಟ್ಟ ಪರದೆಯ ಮೇಲೆ ಬಾಗಿದ್ದವು. ಓಬಮ್ಮನ ಬೆರಳು ಎಲ್ಲಿಯೂ ತಡವರಿಸಲಿಲ್ಲ. ಸಿಂಚನಾ ಏನನ್ನೂ ಹೇಳಿಕೊಡಬೇಕಾಗಲಿಲ್ಲ.

ನೀತಿ: ಹೆಚ್ಚು ಜಾಗ ಇದ್ದವರಿಗೆಂದು ಕಟ್ಟಿ, ಕಡಿಮೆ ಇದ್ದವರಿಗೆ ಕತ್ತರಿಸಿ ಕೊಟ್ಟರೆ, ಅವರಿಗೆ ಬೇಕಾದ ಮಾತೇ ಕತ್ತರಿಸಿಹೋಗಬಹುದು. ಯಾರಿಗೆ ಎಲ್ಲರಿಗಿಂತ ಕಡಿಮೆ ಇದೆಯೋ ಅವರ ಪಕ್ಕದಲ್ಲಿ ಕೂತು ಕೆಲಸ ಶುರು ಮಾಡಿ. ಅವರಿಗೆ ಒಪ್ಪಿದ್ದು ಎಲ್ಲರಿಗೂ ಒಪ್ಪುತ್ತದೆ.