ಕೈ ತೆಗೆದ ಗಳಿಗೆ

ಹೊಳೆದಂಡೆಯಲ್ಲೊಂದು ಪುಟ್ಟ ಮಠ. ಅಲ್ಲೊಬ್ಬರು ವಯಸ್ಸಾದ ಸ್ವಾಮಿಗಳು. ಎಲ್ಲರ ಬಾಯಲ್ಲೂ ಅವರು ಬುದ್ಧಿಯವರು. ಜೊತೆಗೆ ಶಿಷ್ಯ ಗುರುಮಲ್ಲ, ಅಡುಗೆಯ ಕೆಂಪಮ್ಮ.

"ಬುದ್ಧಿ, ಸತ್ತವರು ಎಲ್ಲಿಗೆ ಹೋಗುತ್ತಾರೆ?" ಗುರುಮಲ್ಲನಿಗೆ ಮೂರು ಹೊತ್ತೂ ಇದೇ ಚಿಂತೆ.

ಬುದ್ಧಿಯವರು ಹೊಟ್ಟು ತುಂಬಿದ ಚೀಲವೊಂದನ್ನು ತಂದು ಅವನ ಮುಂದೆ ಹಾಕಿದರು.

"ಉಸಿರು ನಿಂತವರ ಎದೆ ಒತ್ತುವುದನ್ನು ಮೊನ್ನೆ ಮಠಕ್ಕೆ ಬಂದಿದ್ದ ನರ್ಸಮ್ಮ ಹೇಳಿಕೊಟ್ಟರಲ್ಲ, ದಿನಾ ಇದರ ಮೇಲೆ ಮಾಡು."

"ನಾನು ಕೇಳಿದ್ದೇನು, ನೀವು ಕೊಟ್ಟಿದ್ದೇನು?"

"ಒತ್ತು. ಒತ್ತುವಷ್ಟು ಹೊತ್ತೇ ರಕ್ತ ಓಡುವುದು, ಆಂಬುಲೆನ್ಸ್ ಬರುವವರೆಗೂ ಕೈ ತೆಗೆಯಬಾರದು."

"ಹೊಟ್ಟಿನ ಚೀಲಕ್ಕೆ ಎಲ್ಲಿಂದ ಬರುತ್ತದೆ ಬುದ್ಧಿ ಆಂಬುಲೆನ್ಸ್?"

"ಹಾಗಾದರೆ ಒತ್ತುತ್ತಲೇ ಇರು."

ಒಳ್ಳೆ ಪಾಠ ಸಿಕ್ಕಿತು ಎಂದು ಗೊಣಗಿಕೊಂಡೇ ಗುರುಮಲ್ಲ ದಿನಾ ಒತ್ತಿದ.

ಒಂದು ಬೆಳಗ್ಗೆ ಹೊಳೆಯ ಮೇಲೆ ಮಂಜು ಕವಿದಿತ್ತು. ಸ್ನಾನ ಮುಗಿಸಿ ಮೆಟ್ಟಿಲು ಹತ್ತುತ್ತಿದ್ದ ಬುದ್ಧಿಯವರು ಮಾತಿನ ನಡುವೆಯೇ ಕುಸಿದರು. ಕರೆದರೆ ಓಗೊಡಲಿಲ್ಲ. ಉಸಿರಿರಲಿಲ್ಲ.

ಕೆಂಪಮ್ಮ ಫೋನ್ ಮಾಡಲು ಓಡಿದಳು. ಗುರುಮಲ್ಲ ಅವರ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಪಕ್ಕಕ್ಕೆ ಸರಿಸಿದ. ಪಾದ ಬಿಟ್ಟು ಬೇರೆಲ್ಲೂ ಅವನು ಮುಟ್ಟದ ಮೈ ಅದು. ಕೈಮೇಲೆ ಕೈಯಿಟ್ಟು ಮೈಭಾರ ಬಿಟ್ಟ. ಪಕ್ಕೆಲುಬು ಲಟಕ್ಕೆಂದಿತು. ಅಳುತ್ತಲೇ ಒತ್ತಿದ.

ಆಗ ಬುದ್ಧಿಯವರು ಕಣ್ಣು ಬಿಟ್ಟರು.

ನೆಟ್ಟಗೆ ಅವನನ್ನೇ ನೋಡಿದರು. ತಣ್ಣನೆಯ ಬೆರಳುಗಳು ಎದ್ದು ಬಂದು ಅವನ ಮುಂಗೈ ಹಿಡಿದವು. ಗುರುಮಲ್ಲ ಹೆದರಿ ಕೈ ಕಿತ್ತುಕೊಂಡು ಹಿಂದಕ್ಕೆ ಸರಿದ.

ಕಣ್ಣು ಮುಚ್ಚಿತು. ಬೆರಳುಗಳು ಕಲ್ಲಿನ ಮೇಲೆ ಬಿದ್ದವು. ಉಸಿರಿಲ್ಲ.

ಮುಂದಕ್ಕೆ ಬಂದು ಮತ್ತೆ ಒತ್ತಿದ. ಕಣ್ಣು ತೆರೆಯಿತು. ಬೆರಳುಗಳು ಅವನ ಮುಂಗೈಯನ್ನು ಹುಡುಕಿಕೊಂಡು ಬಂದವು. ನೋಡುತ್ತಿರುವುದು ಬದುಕಿರುವವರೋ ಸತ್ತವರೋ ಅವನಿಗೆ ತಿಳಿಯಲಿಲ್ಲ. ತುಂಬಾ ಹೆದರಿಕೆಯಾಯಿತು. ಆದರೆ ಈ ಸಲ ಕೈ ತೆಗೆಯಲಿಲ್ಲ. ಮಂಜಿನಾಚೆ ಆಂಬುಲೆನ್ಸ್ ಕೂಗಿದ ಮೇಲೂ, ಅದರಲ್ಲಿ ಬಂದವರು ಅವನನ್ನು ಸರಿಸಿ ತಾವು ಕೂರುವವರೆಗೂ, ಆ ಕಣ್ಣುಗಳನ್ನೇ ನೋಡುತ್ತ ಒತ್ತಿದ.

ಬುದ್ಧಿಯವರು ಗಂಜಿ ಕುಡಿಯುವಷ್ಟಾದ ದಿನ ಅವನು ಆಸ್ಪತ್ರೆಯ ಮಂಚದ ಪಕ್ಕ ಕೂತ. ಮುಂಗೈಯಲ್ಲಿ ಬೆರಳಿನ ಗುರುತು ಇನ್ನೂ ನೀಲಿಗಟ್ಟಿತ್ತು.

"ಬುದ್ಧಿ, ಆವತ್ತು ಎಲ್ಲಿಗೆ ಹೋಗಿದ್ದಿರಿ?"

ಬುದ್ಧಿಯವರು ನೋಯುವ ಪಕ್ಕೆ ಹಿಡಿದುಕೊಂಡು ನಕ್ಕರು.

"ನಾನೆಲ್ಲಿಗೂ ಹೋಗಲಿಲ್ಲ ಮರಿ. ನೀನು ಹೋಗಿದ್ದೆ. ಸದ್ಯ, ಬೇಗ ವಾಪಸ್ಸು ಬಂದೆ."