ಸರ್ವರ್‌ಗೆ ಬರೆದ ಆದೇಶ

ಒಂದು ಕಾಗದದಲ್ಲಿ ನಾಗವ್ವ, ಇನ್ನೊಂದರಲ್ಲಿ ನಾಗಮ್ಮ ಎಂದಿದೆ ಅಂತ ಅಜ್ಜಿಯೊಬ್ಬಳ ಮನೆ ಖಾತೆಯ ಅರ್ಜಿಯನ್ನು ಪುರಸಭೆಯ ಹೊಸ ಸಾಹೇಬರು ಮೂರು ಸಲ ವಾಪಸ್ ಕಳಿಸಿದ್ದರು. ಅದೇ ಸಾಹೇಬರು ಕಚೇರಿಯ ಇ-ಮೇಲ್ ಸರ್ವರ್‌ಗೆ ತಮ್ಮ ಹೆಸರಿಡಿಸಿದರು. ಅಂದಿನಿಂದ ಒಂದು ಮೇಲೂ ಹೋಗಲಿಲ್ಲ.

ಗುಮಾಸ್ತನ ಮೇಲೆ ಹಾರಾಡಿದರು.

"ಇ-ಮೇಲಿಗೆ ಬೀಗ ಹಾಕೋ ಸರ್ಟಿಫಿಕೇಟು ಹಳೇ ಹೆಸರಲ್ಲಿದೆ ಸರ್. ಹೆಸರು ತಾಳೆಯಾಗದಿದ್ರೆ ಆಚೆ ಕಡೆಯ ಸರ್ವರ್ ನಂಬಲ್ಲ."

"ಹೆಸರು ಬೇರೆಯಾದ್ರೇನಯ್ಯಾ, ಡಬ್ಬ ಅದೇ ತಾನೇ?"

"ಹಾಗಂತ ಬರೆದುಕೊಡಿ ಸರ್."

ಸಾಹೇಬರು ಬರೆದು, ಸಹಿ ಹಾಕಿ, ಸೀಲೂ ಒತ್ತಿದರು: 'ಹೆಸರು ಬೇರೆಯಾದರೂ ಅಸಲು ಒಂದೇ ಆಗಿದ್ದರೆ ಒಪ್ಪತಕ್ಕದ್ದು.'

ಗುಮಾಸ್ತ ಸರ್ವರ್‌ಗೆ ಸದ್ದಿಲ್ಲದೆ ಹಳೇ ಹೆಸರಿಟ್ಟ. ಮೇಲುಗಳು ಹೊರಟವು. ಆದೇಶವನ್ನು ನಾಗವ್ವನ ಕಡತಕ್ಕೆ ಸೇರಿಸಿ ಸಾಹೇಬರ ಮುಂದಿಟ್ಟ.

"ಇದು ಸರ್ವರ್‌ಗೆ ಬರೆದದ್ದು ಕಣಯ್ಯಾ!"

"ಸರ್ವರ್ ಒಪ್ಪಲಿಲ್ಲ ಸರ್. ಅಜ್ಜಿ ಒಪ್ಪಿದ್ರು."