ಮೂರನೇ ಪಾಠದ ನವಿಲುಗರಿ

ಈ ಕತೆಯನ್ನು ನನಗೆ ಮೊದಲು ಹೇಳಿದವರು ಲೈಬ್ರರಿಯ ಸರ್ವಮಂಗಳಮ್ಮ, ನಾನು ನಾಲ್ಕನೆಯ ಹೊಸ ಭಾಷೆ ಕಲಿಯಲೆಂದು ಅದರ ಮೊದಲ ಪುಸ್ತಕವನ್ನು ಎರವಲು ಪಡೆದು ಸಹಿ ಹಾಕುತ್ತಿದ್ದಾಗ.

ಭಾಷೆ ಕಲಿಸುವ ಪುಸ್ತಕಗಳ ಕಪಾಟಿನಲ್ಲೊಂದು ನವಿಲುಗರಿ ಇತ್ತಂತೆ. ಮುಚ್ಚಿದ ಪುಸ್ತಕದೊಳಗೆ ಅಲುಗದೆ ಮಲಗಿದರೆ ಮರಿ ಹಾಕಬಹುದೆಂದು ಅದಕ್ಕೂ ಗೊತ್ತಿತ್ತು. ಆದರೆ ಹುಟ್ಟುವ ಮರಿ ಊರೆಲ್ಲ ಮೆಚ್ಚುವ ಭಾಷೆಯನ್ನೇ ಆಡಬೇಕೆಂಬ ಆಸೆ. ರಷ್ಯನ್ ಪುಸ್ತಕದ ಮೂರನೇ ಪಾಠದಲ್ಲಿದ್ದದ್ದು, ಜನ ಫ್ರೆಂಚ್ ಪುಸ್ತಕ ಕೇಳತೊಡಗಿದಾಗ ಅದರೊಳಕ್ಕೆ ಹಾರಿತು. ಆಮೇಲೆ ಜರ್ಮನ್, ಜಪಾನೀಸ್, ಈಗ ಕೊರಿಯನ್. ಯಾವುದರಲ್ಲೂ ಮೂರನೇ ಪಾಠ ದಾಟಲಿಲ್ಲ. ಎಲ್ಲದರಲ್ಲೂ ‘ನನ್ನ ಹೆಸರು ನವಿಲುಗರಿ’ ಎನ್ನಲು ಬರುತ್ತಿತ್ತು. ಯಾರಾದರೂ ತಿರುಗಿ ಏನಾದರೂ ಕೇಳಿದರೆ ಸುಮ್ಮನೆ ನಗುತ್ತಿತ್ತು.

ಕೊರಿಯನ್ ಪುಸ್ತಕವನ್ನು ದಿನಕ್ಕೆ ಹತ್ತು ಜನ ತೆರೆಯುತ್ತಿದ್ದರು. ತೆರೆದಾಗಲೆಲ್ಲ ಗರಿಯ ಒಂದೆರಡು ಎಳೆ ಉದುರುತ್ತಿತ್ತು.

“ಇಳಿದು ಬಾರೇ ಮಗಳೇ,” ಎಂದಿತು ಕೆಳಸಾಲಿನ ರಷ್ಯನ್ ಪುಸ್ತಕ. “ನನ್ನನ್ನು ಯಾರೂ ಮುಟ್ಟದೆ ಇಪ್ಪತ್ತು ವರ್ಷವಾಯಿತು. ಹೆರಿಗೆಗೆ ಇದಕ್ಕಿಂತ ನೆಮ್ಮದಿಯ ಜಾಗ ಎಲ್ಲಿದೆ?”

“ಅಯ್ಯೋ ಅಜ್ಜಿ, ಯಾರೂ ಓದದ ಪುಸ್ತಕದಲ್ಲಿ ಹುಟ್ಟಿದ ಮರಿಯನ್ನು ಯಾರು ಮಾತಾಡಿಸುತ್ತಾರೆ?”

“ಎಲ್ಲರೂ ತೆರೆಯುವ ಪುಸ್ತಕದಲ್ಲಿ ಮರಿಯೇ ಹುಟ್ಟುವುದಿಲ್ಲವಲ್ಲೇ!”

ಗರಿ ಯೋಚಿಸಿತು. ಇಳಿಯಲು ಹೊರಟಿತು ಕೂಡ. ಅಷ್ಟರಲ್ಲಿ ಮೇಲಿನ ಸಾಲಿಗೆ ಹೊಸ ಸ್ಪ್ಯಾನಿಷ್ ಪುಸ್ತಕ ಬಂತು.

“ಒಂದು ಮೂರು ಪಾಠ ನೋಡಿಕೊಂಡು ಬಂದುಬಿಡುತ್ತೇನೆ, ಅಜ್ಜಿ,” ಎಂದು ಗರಿ ಹಾರಿತು. ಹಾರುವಾಗ ಉಳಿದ ಎಳೆಗಳೂ ಉದುರಿ, ಸ್ಪ್ಯಾನಿಷ್ ಪುಸ್ತಕದೊಳಗೆ ಹೋಗಿ ಬಿದ್ದದ್ದು ಬರೀ ಕಡ್ಡಿ.

ಹೊಸ ಭಾಷೆ ಶುರುಮಾಡಿದವರು ಯಾರಾದರೂ ಸಿಕ್ಕರೆ ಈ ಕತೆಯನ್ನು ಅವರಿಗೆ ದಾಟಿಸಿ. ಕನ್ನಡದಲ್ಲೇ ಹೇಳಿ; ಒಂದು ಕತೆಯನ್ನು ಕೊನೆಯವರೆಗೂ ಹೇಳಿ ಮುಗಿಸುವಷ್ಟು ನಮಗೆ ಬರುವ ಭಾಷೆ ಅದೊಂದೇ.